ಹುಳದ ಮನೆಗೆ ಹೋಗುವ ಕೈ

ನಮ್ಮಲ್ಲಿ ಹುಳದ ಮನೆಯ ಹೊಸ್ತಿಲು ದಾಟಬೇಕಾದರೆ ಮೊದಲು ಅಮ್ಮನ ಮೂಗು ದಾಟಬೇಕಿತ್ತು. ರೇಷ್ಮೆ ಹುಳಕ್ಕೆ ಹೊಗೆಸೊಪ್ಪು ಅಂದರೆ ವಿಷ. ಬೀಡಿ ಸೇದಿದ ಕೈಯಲ್ಲಿ ಹುಳದ ತಟ್ಟೆ ಮುಟ್ಟಿದರೂ ಸಾಕು, ಹುಳ ತಲೆ ಎತ್ತಿ, ಹಸಿರು ಕಕ್ಕಿ, ಮುದುರಿಕೊಂಡು ಸಾಯುತ್ತವೆ. ಹಾಗಾಗಿ ಹಿಪ್ಪುನೇರಳೆ ಸೊಪ್ಪು ತಂದವನೇ ಇರಲಿ, ರೇಷ್ಮೆ ಇಲಾಖೆಯಿಂದ ಪರೀಕ್ಷೆಗೆ ಬಂದ ಸಾಹೇಬನೇ ಇರಲಿ, ಅಮ್ಮ ಬಾಗಿಲಿಗೆ ಅಡ್ಡ ನಿಂತು "ಏದಿ, ಚೆಯ್ಯಿ" ಅನ್ನುತ್ತಿದ್ದಳು. ಎಲ್ಲಿ, ಕೈ ತೋರಿಸು ಅಂತ. ಆಂಧ್ರದ ಗಡಿಯ ನಂಗಲಿ ಹತ್ತಿರದ ಊರು ನಮ್ಮದು, ಮನೆಯೊಳಗೆ ಅರ್ಧ ತೆಲುಗು ಅರ್ಧ ಕನ್ನಡ, ಬೈಗುಳ ಮಾತ್ರ ಎರಡರಲ್ಲೂ. ಕೈ ಹಿಡಿದು ಬೆರಳ ಸಂದಿಯನ್ನೆಲ್ಲ ಮೂಸಿ ಆಮೇಲೆ ಒಳಗೆ ಬಿಡುತ್ತಿದ್ದಳು. ನನ್ನದನ್ನು ಮಾತ್ರ ಮೂಸುತ್ತಲೂ ಇರಲಿಲ್ಲ. ನನ್ನ ಕೈ ಎಂಥದ್ದು ಅಂತ ಅವಳಿಗೆ ಗೊತ್ತಿತ್ತು.

ಬೀಡಿ ಶುರುವಾಗಿದ್ದು ಹದಿನಾರನೇ ವಯಸ್ಸಿನಲ್ಲಿ, ಹಿತ್ತಲ ಹುಲ್ಲಿನ ಬಣವೆ ಹಿಂದೆ. ಅಮ್ಮ ಅತ್ತ ಬಂದರೆ ಬೀಡಿಯನ್ನು ಮಣ್ಣಿಗೆ ತಿಕ್ಕಿ, ಹಸುವಿಗೆ ಹುಲ್ಲು ಹಿರಿಯುವವನ ಹಾಗೆ ನಿಂತುಬಿಡುತ್ತಿದ್ದೆ. ಮುಳಬಾಗಿಲಿನ ಕಚೇರಿಯಲ್ಲಿ ಗುಮಾಸ್ತನಾಗುವ ಹೊತ್ತಿಗೆ ದಿನಕ್ಕೆ ಎರಡು ಕಟ್ಟು ಬೇಕಾಗುತ್ತಿತ್ತು. ಹುಳ ಸಾಕುವ ಮನೆಯಲ್ಲಿ ಬೀಡಿ ಸೇದುವವನಿಗೆ ಒಂದು ಲಾಭವಿದೆ, ಹೇಳಿಕೊಳ್ಳಲು ಈಗ ನಾಚಿಕೆ: ಅವನನ್ನು ಕೆಲಸಕ್ಕೆ ಯಾರೂ ಕರೆಯುವುದಿಲ್ಲ. ಅಮ್ಮ, ನನ್ನ ಹೆಂಡತಿ ಇಬ್ಬರೂ ಸೊಂಟ ಬೀಳುವ ಹಾಗೆ ಸೊಪ್ಪು ಹಾಕುತ್ತಿದ್ದರೆ ನಾನು ಜಗುಲಿ ಮೇಲೆ ಕಾಲು ಚಾಚಿ ಹೊಗೆ ಬಿಡುತ್ತಿದ್ದೆ. ಹತ್ತು ವರ್ಷ ಹೀಗೇ ನಡೆಯಿತು.

ಎಪ್ಪತ್ತರ ದಶಕದ ಕೊನೆಯ ಒಂದು ವರ್ಷ ಮೇಲಿಂದ ಮೇಲೆ ಎರಡು ಬೆಳೆ ಸುಣ್ಣಕಟ್ಟು ರೋಗ ಬಂದು ಹೋದವು. ಹುಳ ಸುಣ್ಣದ ಕಡ್ಡಿಯಂತೆ ಬಿಳುಪಾಗಿ ಬಿರುಸಾಗಿ ಸತ್ತವು. ಅಮ್ಮ ಮಂಕರಿಗಟ್ಟಲೆ ಗುಂಡಿಗೆ ಸುರಿದು ಬಂದು, ಮೂರನೆಯದೂ ಹೀಗಾದರೆ ತಟ್ಟೆಗಳನ್ನು ನೀರೊಲೆಗೆ ಹಾಕುತ್ತೇನೆ, ಇನ್ನು ಹುಳದ ಹೆಸರೆತ್ತುವುದಿಲ್ಲ ಅಂದಳು. ಮೂವತ್ತು ವರ್ಷ ಸಾಕಿದವಳು. ಆಡಿದರೆ ಮಾಡುವವಳೇ. ಅದೇ ಸಮಯಕ್ಕೆ ನನ್ನ ಹೆಂಡತಿಗೆ ಏಳು ತಿಂಗಳು ತುಂಬುತ್ತಿತ್ತು. ಮೊದಲನೆಯದು ನಿಂತಿರಲಿಲ್ಲ. ಈ ಸಲ ಒಂದು ಕೊಡ ನೀರೂ ಎತ್ತಕೂಡದು ಅಂತ ಕೋಲಾರದ ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಕೊನೆಯ ವಾರ ಹುಳಕ್ಕೆ ಹೊಟ್ಟೆಬಾಕತನ ಹತ್ತಿದಾಗ ಮೇಲಿನ ತಟ್ಟೆ ಇಳಿಸಿ ಏರಿಸಲು ಒಬ್ಬ ಗಟ್ಟಿ ಆಳು ಬೇಕೇ ಬೇಕು. ರೋಗ ಬಂದು ಹೋದ ಮೇಲೆ ಹೊರಗಿನವರನ್ನು ಅಮ್ಮ ಒಳಗೆ ಬಿಡುತ್ತಿರಲಿಲ್ಲ.

ಅಮ್ಮ ನನ್ನನ್ನು ಕೇಳಲಿಲ್ಲ. ಕೇಳಿದ್ದು ಹೆಂಡತಿ. ಅವಳು ಶ್ರೀನಿವಾಸಪುರದ ಕಡೆಯವಳು, ಮಾತು ಕಡಿಮೆ, ಆಡಿದರೆ ನೆಟ್ಟಗೆ ನಾಟುವ ಹಾಗೆ. "ನೀವು ಬೀಡಿ ಬಿಟ್ರೆ ಈ ಬೆಳೆ ಉಂಟು. ಇಲ್ದಿದ್ರೆ ತಟ್ಟೆ ನಾನೇ ಎತ್ತಬೇಕಾಗುತ್ತೆ" ಅಂದಳು. ಬೆದರಿಕೆ ಅಂತ ನನಗೆ ಸಿಟ್ಟು ಬಂತು. ಆದರೂ ಹುಳದ ಮೊಟ್ಟೆ ಮನೆಗೆ ಬಂದ ದಿನವೇ ಕೈಯಲ್ಲಿದ್ದ ಕಟ್ಟನ್ನು ತಿಪ್ಪೆಗೆ ಎಸೆದೆ.

ಅವತ್ತೇ ಅಮ್ಮನೂ ತನ್ನ ಎಲೆಚೀಲವನ್ನು ಅಡಿಗೆಮನೆಯ ಮೊಳೆಗೆ ನೇತುಹಾಕಿದಳು. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಅವಳಿಗೆ ಊಟಕ್ಕಿಂತ ಹೆಚ್ಚು. ಆದರೆ ಮೊಟ್ಟೆ ಬಂದ ದಿನದಿಂದ ಗೂಡು ಬಿಡಿಸುವವರೆಗೆ, ಹತ್ತಿರ ಹತ್ತಿರ ಒಂದು ತಿಂಗಳು, ಚೀಲ ಮೊಳೆಯ ಮೇಲೇ. ಪ್ರತಿ ಬೆಳೆಗೂ ಹೀಗೇ. ಅದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ, ಕಷ್ಟ ಅಂತ ಒಂದು ದಿನವೂ ಅನ್ನಿಸಿರಲಿಲ್ಲ.

ನನಗೆ ಮೂರನೇ ದಿನಕ್ಕೇ ಅನ್ನಿಸಿತು. ಮೊದಲೇ ಮುಂಗೋಪಿ ನಾನು, ಈಗಂತೂ ಮಾತು ಮಾತಿಗೂ ಮೈಯೆಲ್ಲ ಉರಿ. ಕಚೇರಿಯಲ್ಲಿ ಪಹಣಿಗೆ ಬಂದ ಮುದುಕನ ಮೇಲೆ ಹರಿಹಾಯ್ದೆ, ಅವನು ಪಾಪ ಕೈಮುಗಿದು ಹಿಂದಕ್ಕೆ ಹೋದ. ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಯಿತು ಅಂತ ಊಟದ ತಟ್ಟೆ ತಳ್ಳಿ ಎದ್ದೆ. ಬೆಳಿಗ್ಗೆ ಬೀಡಿ ಇಲ್ಲದೆ ಹೊಟ್ಟೆ ಕದಲುತ್ತಿರಲಿಲ್ಲ. ಲವಂಗ ಅಗಿದೆ, ಹುಣಿಸೆಬೀಜ ಅಗಿದೆ, ಪೆನ್ನಿನ ಮುಚ್ಚಳ ಕಚ್ಚಿ ಕಚ್ಚಿ ಹಾಳು ಮಾಡಿದೆ. ಕೈ ತಾನಾಗೇ ಜೇಬಿಗೆ ಹೋಗುವುದು, ಖಾಲಿ ಜೇಬು ತಡಕಿ ಹೊರಗೆ ಬರುವುದು. ಬಸ್ಸಿನಲ್ಲಿ ಮುಂದಿನ ಸೀಟಿನವನು ಬೀಡಿ ಹಚ್ಚಿದರೆ ಬೇರೆ ಕಡೆ ತಿರುಗುತ್ತಿರಲಿಲ್ಲ, ಇನ್ನೂ ಮುಂದಕ್ಕೆ ಬಾಗುತ್ತಿದ್ದೆ.

ಎರಡು ವಾರ ಕಳೆದರೂ ಅಮ್ಮ ನನ್ನನ್ನು ಹತ್ತಿರ ಸೇರಿಸಲಿಲ್ಲ. ಹುಳ ಮೂರನೇ ಜ್ವರ ಕಳೆದು ಎದ್ದವು. ನಮ್ಮ ಕಡೆ ಹುಳ ಪೊರೆ ಬಿಡುವುದಕ್ಕೆ ಜ್ವರ ಅಂತಲೇ ಅನ್ನುವುದು. ಅವತ್ತು ಬೆಳಿಗ್ಗೆ ಸೊಪ್ಪಿನ ಮಂಕರಿ ಹೊತ್ತು ಬಾಗಿಲಿಗೆ ಬಂದು ಎಂದಿನಂತೆ ಹೊರಗೇ ಇಳಿಸುವುದರಲ್ಲಿದ್ದೆ. "ಏದಿ, ಚೆಯ್ಯಿ" ಅಂದಳು. ಬೆರಳು ಬೆರಳಿಗೂ ಮೂಗಿಟ್ಟು ನಿಧಾನವಾಗಿ ಮೂಸಿದಳು. ಮೂಸಿ, ಪಕ್ಕಕ್ಕೆ ಸರಿದಳು. ಮೂವತ್ತು ದಾಟಿದ ಗಂಡಸು ನಾನು, ಕಣ್ಣಲ್ಲಿ ನೀರು ಬಂತು. ಸೊಪ್ಪಿನ ಧೂಳು ಅಂತ ಒರೆಸಿಕೊಂಡು ಒಳಗೆ ಹೋದೆ.

ನಾಲ್ಕನೇ ಜ್ವರವೂ ಕಳೆದು ಹುಳ ದಪ್ಪಗಾಗಿ ತಿನ್ನತೊಡಗಿದ ಮೇಲೆ ಅರ್ಧ ದಿನದ ರಜೆ ಹಾಕಿ ಹಾಕಿ ಓಡಾಡುತ್ತಿದ್ದೆ. ಅಂಥದೊಂದು ಮಧ್ಯಾಹ್ನ. ಕಚೇರಿಯಲ್ಲಿ ಮೇಲಿನವನು ರಜೆ ವಿಷಯಕ್ಕೆ ಎಲ್ಲರೆದುರು ಮಾನ ಕಳೆದಿದ್ದ. ನಂಗಲಿಯಲ್ಲಿ ಬಸ್ಸಿಳಿದೆ. ಲಾರಿಗಳು ಸಾಲಾಗಿ ನಿಂತಿದ್ದವು, ಟೀ ಅಂಗಡಿ ಮುಂದೆ ಡ್ರೈವರುಗಳ ಬೀಡಿ ಹೊಗೆ. ಅಂಗಡಿಯವನು ಹಳೇ ಸ್ನೇಹಿತ, ಅಲ್ಲಿಯವರೆಗೆ ನಾನು ತಪ್ಪಿಸಿಕೊಂಡು ಹೋಗುತ್ತಿದ್ದೆ. ಅವತ್ತು ಹಿಡಿದು ಕೂರಿಸಿದ. ಏನ್ಲಾ, ಸನ್ಯಾಸಿ ಆಗ್ಬಿಟ್ಯಾ ಅಂತ ರೇಗಿಸುತ್ತ ಟೀ ಲೋಟದ ಪಕ್ಕ ಒಂದು ಬೀಡಿ ಇಟ್ಟ. ಬೇಡ ಅನ್ನಲಿಲ್ಲ. ತೆಗೆದುಕೊಂಡು ಎದ್ದೆ.

ನಂಗಲಿಯಿಂದ ನಮ್ಮೂರಿಗೆ ಒಂದೂವರೆ ಮೈಲಿ. ಅಷ್ಟು ದೂರವೂ ಆ ಬೀಡಿ ನನ್ನ ಬೆರಳ ನಡುವೆಯೇ ಇತ್ತು. ಹೊರಳಿಸಿದೆ, ಮೂಸಿದೆ, ತುದಿ ಹಿಸುಕಿದೆ. ಬಾಯಿಗೆ ಇಡಲಿಲ್ಲ. ಬೆಂಕಿಪೊಟ್ಟಣ ಬೇಡೋಣ ಅಂತ ಎದುರಿಗೆ ಬಂದ ಸೈಕಲ್ಲಿನವನನ್ನು ನಿಲ್ಲಿಸಿದೆ. ನಿಲ್ಲಿಸಿ, ಟೈಮ್ ಎಷ್ಟು ಅಂತ ಕೇಳಿ ಕಳಿಸಿದೆ. ಊರ ಹೊರಗೆ, ಸಣ್ಣ ಕೆರೆಯಂಥ ಕುಂಟೆ ಹತ್ತಿರ ಬೀಡಿಯನ್ನು ಪುಡಿ ಪುಡಿ ಮಾಡಿ ನೀರಿಗೆ ಎಸೆದೆ. ಸೇದಲಿಲ್ಲ, ಗೆದ್ದೆ ಅಂತ ಎದೆ ಉಬ್ಬಿತ್ತು. ಸೇದದೇ ಇದ್ದ ಕೈ ತಾನೇ ಅಂತ ಹಾಗೇ ನೀರಲ್ಲಿ ಅದ್ದಿ ಪಂಚೆಗೆ ಒರೆಸಿಕೊಂಡೆ. ಬಾಗಿಲಲ್ಲಿ ಅಮ್ಮ ಮೂಸಿದಳು, ಪಕ್ಕಕ್ಕೆ ಸರಿದಳು. ನಾನು ತಟ್ಟೆ ಇಳಿಸಿದೆ, ಅವಳು ಸೊಪ್ಪು ಹರಡಿದಳು.

ಮರುದಿನ ಬೆಳಿಗ್ಗೆ ಮೂರು ತಟ್ಟೆಗಳಲ್ಲಿ ಹುಳ ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ಕೆಲವು ಆಗಲೇ ಹಸಿರು ಕಕ್ಕಿ ಮುದುರಿದ್ದವು. ಸುಣ್ಣಕಟ್ಟು ಅಲ್ಲ ಅಂತ ನೋಡಿದ ತಕ್ಷಣ ತಿಳಿಯಿತು. ಅಮ್ಮ ಆ ತಟ್ಟೆಗಳನ್ನು ಹೊರಗೆ ತಂದು ಅಂಗಳದಲ್ಲಿಟ್ಟಳು. ಸೊಪ್ಪು ಬಿಡಿಸುತ್ತಿದ್ದ ಹೆಂಡತಿ ಎದ್ದು ಬಂದು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ಸೇದಿದ್ರಾ?"

"ಇಲ್ಲ."

"ಹುಳ ಸುಳ್ಳು ಹೇಳ್ತಾವಾ?"

ಸೇದಿಲ್ಲ ಅಂತ ಊರಿಗೆಲ್ಲ ಕೇಳುವ ಹಾಗೆ ಕಿರುಚಿದೆ. ಅದು ನಿಜ. ಬೆರಳಲ್ಲಿ ಒಂದೂವರೆ ಮೈಲಿ ಹಿಸುಕಿದ್ದೂ ನಿಜ, ಅದನ್ನು ಮಾತ್ರ ಹೇಳಲಿಲ್ಲ. ಅಮ್ಮನ ಕಡೆ ನೋಡಿದೆ, ನೀನೇ ಮೂಸಿದ್ದೀಯಲ್ಲ ಹೇಳು ಅಂತ. ಅವಳು ತಲೆ ತಗ್ಗಿಸಿ ಸತ್ತ ಹುಳ ಆಯುತ್ತಿದ್ದಳು. ಹೇಗೂ ಕೆಟ್ಟ ಹೆಸರು ಬಂತಲ್ಲ, ಸೇದಿಯೇ ಹೊತ್ತುಕೊಳ್ಳೋಣ ಅಂತ ಚಪ್ಪಲಿ ಮೆಟ್ಟಿ ಹೊರಟೆ.

ನಂಗಲಿಯಲ್ಲಿ ಒಂದು ಕಟ್ಟು ಬೀಡಿ, ಒಂದು ಬೆಂಕಿಪೊಟ್ಟಣ ತೆಗೆದುಕೊಂಡು ವಾಪಸ್ಸು ಬರುವ ದಾರಿಯ ಹುಣಿಸೆಮರದ ಬುಡದಲ್ಲಿ ಕೂತೆ. ಈ ಸಲ ಬಾಯಿಗೇ ಇಟ್ಟೆ. ಕಡ್ಡಿ ಗೀರಿದೆ. ಗಾಳಿಗೆ ಆರಿತು. ಇನ್ನೊಂದು ಗೀರಿ ಎರಡೂ ಕೈ ಮುಚ್ಚಿ ಹಿಡಿದೆ, ಚೆನ್ನಾಗಿ ಹತ್ತಿಕೊಂಡಿತು. ನಾಲಿಗೆ ಮೇಲೆ ಎಲೆಯ ಒಗರು, ಮೂಗಿಗೆ ಆ ವಾಸನೆ, ಬಾಯಿ ತುಂಬ ನೀರು. ಒಂದು ದಮ್ಮು ಎಳೆದರೆ ಮುಗಿಯಿತು. ಆಗ ಕಂಬಳಿ ಹೊದ್ದ ಒಬ್ಬ ಕುರಿಯವನು ದಾಟುತ್ತ, ಹನ್ನೊಂದು ಆಗಿರಬೇಕು, ಇಷ್ಟು ಹೊತ್ತಲ್ಲಿ ಇಲ್ಲಿ ಏನು ಕೂತಿದ್ದೀಯ ಅಂದ. ಹನ್ನೊಂದು ಅಂದರೆ ಹುಳಕ್ಕೆ ಸೊಪ್ಪು ಹಾಕುವ ಹೊತ್ತು. ಅಮ್ಮನ ಕೈಗೆ ಮೇಲಿನ ತಟ್ಟೆ ಎಟುಕುವುದಿಲ್ಲ. ನಾನು ಇಲ್ಲ. ಹೆಂಡತಿ ಎತ್ತುತ್ತಾಳೆ, ಎತ್ತೇ ಎತ್ತುತ್ತಾಳೆ, ಹಟಮಾರಿ ಅವಳು. ಕಡ್ಡಿ ಬೆರಳು ಸುಟ್ಟಿತು. ಬೀಡಿ ಉಗುಳಿ, ಕಟ್ಟನ್ನು ಹಳ್ಳಕ್ಕೆ ಬೀಸಿ ಎಸೆದು ಓಡಿದೆ.

ಅಂಗಳಕ್ಕೆ ಬಂದಾಗ ಅವಳು ಸೆರಗು ಸಿಕ್ಕಿಸಿಕೊಂಡು ಸ್ಟೂಲು ಎಳೆದುಕೊಂಡು ಹೋಗುತ್ತಿದ್ದಳು. ಬೇಡ ಕಣೇ ಅಂತ ಕೂಗಿ ಸ್ಟೂಲು ಕಿತ್ತುಕೊಂಡೆ. ಅವಳು ನನ್ನನ್ನು ನೋಡಲಿಲ್ಲ, ಗೋಡೆಗೆ ಒರಗಿ ಕೂತಳು. ಅಂಗಿ ಕಳಚಿ ಬಾವಿಕಟ್ಟೆಯಲ್ಲಿ ಸೋಪು ಹಾಕಿ ಮೊಣಕೈವರೆಗೆ ಉಜ್ಜಿದೆ, ಬಾಯಿ ಮುಕ್ಕಳಿಸಿದೆ, ಬೂದಿ ಹಾಕಿ ಇನ್ನೊಂದು ಸಲ ಉಜ್ಜಿದೆ. ಹುಳದ ಮನೆ ಬಾಗಿಲಿಗೆ ಬಂದು ಕೈ ಚಾಚಿ, ಹೆಂಡತಿಗೂ ಕೇಳುವ ಹಾಗೆ ಅಮ್ಮನಿಗೆ ಎಲ್ಲ ಹೇಳಿದೆ. ನಿನ್ನೆಯ ಬೀಡಿ, ಕುಂಟೆಯ ನೀರು, ಇವತ್ತಿನ ಕಟ್ಟು, ಗೀರಿದ ಕಡ್ಡಿ. ಒಳಗೆ ಬಿಡಬೇಡ ಅಂದರೂ ಸರಿ, ಬೇರೆ ಯಾರನ್ನಾದರೂ ಕರೆದು ತರುತ್ತೇನೆ ಅಂದೆ.

ಅಮ್ಮ ನನ್ನ ಕೈ ಹಿಡಿಯಲಿಲ್ಲ. ತನ್ನ ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದಳು.

"ನಿನ್ನೆ ನೀನು ಬರೋಕ್ ಮುಂಚೆ ಎಲೆಚೀಲ ಇಳಿಸಿದ್ದೆ ಕಣೋ. ಬಾಯಿಗ್ ಹಾಕ್ಕೊಳ್ಲಿಲ್ಲ. ಬರೀ ಮುರಿದು ಮೂಸ್ದೆ, ಮೂಸ್ತಾನೇ ಕೂತಿದ್ದೆ. ಮೂಗ್ ತುಂಬ ಅದೇ ಇತ್ತು, ನಿನ್ನ ಕೈ ವಾಸನೆ ನಂಗೆಲ್ಲಿ ಗೊತ್ತಾಗ್ಬೇಕು. ಆ ಮೂರು ತಟ್ಟೆಗೆ ನಿನ್ನ ಕೈಯೋ, ನನ್ನ ಕೈಯೋ."

ಬೆಳಿಗ್ಗೆ ತಪ್ಪು ನನ್ನ ಮೇಲೆ ಬಂದಾಗ ಬಾಯಿ ಬಿಡಲಿಲ್ಲವಲ್ಲ ಇವಳು ಅಂತ ಒಂದು ಕ್ಷಣ ಕೆಂಡದಂಥ ಸಿಟ್ಟು ಬಂತು. ನಾನೂ ಬಿಟ್ಟಿರಲಿಲ್ಲ. ಮೂವತ್ತು ವರ್ಷ, ಬೆಳೆ ಬೆಳೆಗೂ, ಆ ಮೊಳೆಯ ಕೆಳಗೆ ಓಡಾಡಿಕೊಂಡು ಇವಳು ಹೇಗೆ ತಡೆದಿರಬೇಕು ಅಂತ ನನಗೆ ಆಗಲೇ ಮೊದಲ ಸಲ ಹೊಳೆದದ್ದು. ಮೂಸು ಅಂತ ಕಾಯುತ್ತಿದ್ದಳು. ಮೂಸಿದೆ. ಸೊಪ್ಪಿನ ಹಸಿ ವಾಸನೆ, ಸೋಪಿನ ವಾಸನೆ, ಬೇರೇನೂ ಇರಲಿಲ್ಲ. ಆಮೇಲೆ ಅವಳು ನನ್ನದನ್ನು ಮೂಸಿದಳು. ಗೋಡೆಗೆ ಒರಗಿದ್ದ ಹೆಂಡತಿ, ಸೊಪ್ಪು ಬಾಡ್ತಾ ಇದೆ ಅಂದಳು. ಇಬ್ಬರೂ ಒಳಗೆ ಹೋದೆವು.

ಮುಂದಿನ ನಾಲ್ಕು ದಿನ ಪ್ರತಿ ಸಲ ಸೊಪ್ಪು ಹಾಕುವಾಗಲೂ ಹೊಸ್ತಿಲಲ್ಲಿ ನಿಂತು ಒಬ್ಬರ ಕೈ ಒಬ್ಬರು ಮೂಸಿದೆವು. ಎಲೆಚೀಲ ಹೆಂಡತಿಯ ಟ್ರಂಕಿಗೆ ಹೋಯಿತು. ಪ್ರತಿ ಬೆಳಿಗ್ಗೆ ಬಾಗಿಲು ತೆಗೆದು, ತಲೆ ಎತ್ತಿದ ಹುಳ ಕಾಣುತ್ತದೇನೋ ಅಂತ ಒಂದೊಂದು ತಟ್ಟೆಗೂ ಬಗ್ಗಿ ನೋಡುತ್ತಿದ್ದೆ. ಕಾಣಲಿಲ್ಲ. ಹುಳ ಹಣ್ಣಾದವು, ಗೂಡು ಕಟ್ಟಲಿ ಅಂತ ಬಿದಿರಿನ ಚಂದ್ರಿಕೆಗೆ ಬಿಟ್ಟೆವು, ಕಟ್ಟಿದವು. ತಟ್ಟೆಗಳು ಒಲೆಗೆ ಹೋಗಲಿಲ್ಲ.

ಗೂಡು ಬಿಡಿಸಿ ಮೂಟೆ ಕಟ್ಟಿ ಕಳಿಸಿದ ದಿನ ಮಧ್ಯಾಹ್ನ ಊಟವಾದ ಮೇಲೆ ಅಮ್ಮ ಸೊಸೆಯಿಂದ ಎಲೆಚೀಲ ಈಸಿಕೊಂಡಳು. ಹೊಗೆಸೊಪ್ಪು ಬಿಡುವ ಅಮ್ಮನ ತಿಂಗಳು ಮುಗಿದಿತ್ತು, ನನ್ನದು ಮುಗಿಯುವಂಥದ್ದಲ್ಲ. ಒಂದು ಸೇದಿದರೆ ಇನ್ನೊಂದಕ್ಕೆ ಕೈ ಹೋಗುತ್ತದೆ ಅಂತ ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಯಾವಾಗಲೂ ಜಗುಲಿ ಮೇಲೆ ಕಾಲು ಚಾಚಿ, ಊರವರನ್ನೆಲ್ಲ ಮಾತಾಡಿಸುತ್ತ ಎಲೆ ಅಡಿಕೆ ಹಾಕಿಕೊಳ್ಳುವವಳು. ಅವತ್ತು ಜಗುಲಿ ಮೇಲೆ ನಾನು ಕೂತಿದ್ದೆ. ನನ್ನ ಕಡೆ ಒಂದು ಸಲ ನೋಡಿ, ಚೀಲವನ್ನು ಸೆರಗಿನಡಿ ಮುಚ್ಚಿಕೊಂಡು ಹಿತ್ತಲಿಗೆ ಹೋದಳು.

ಸ್ವಲ್ಪ ಹೊತ್ತು ಬಿಟ್ಟು ನಾನು ಹಸುವಿಗೆ ಹುಲ್ಲು ತರಲು ಅತ್ತ ಹೋದೆ. ಅಮ್ಮ ಬಣವೆ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ನನ್ನನ್ನು ಕಂಡದ್ದೇ ಬಾಯಲ್ಲಿದ್ದುದನ್ನು ಉಗಿದು, ಮಣ್ಣು ಮುಚ್ಚಿ, ಎದ್ದು ಹುಲ್ಲು ಹಿರಿಯತೊಡಗಿದಳು.