ಜೈಲಿನ ಪುಸ್ತಕದಲ್ಲಿ ಬರೆದ ಷರಾ

ಯುದ್ಧದ ಕಾಲ. ಪರವಾನಗಿ ಇಲ್ಲದೆ ಅಕ್ಕಿ ಸಾಗಿಸುವಂತಿರಲಿಲ್ಲ. ಹೊಳೆಯಾಚೆಯ ಕಾಸರಕೋಡದ ಮೀನು ಮಾರುವ ಹೆಂಗಸೊಬ್ಬಳು ಬುಟ್ಟಿಯ ಅಡಿಯಲ್ಲಿ ಅಕ್ಕಿ ಇಟ್ಟುಕೊಂಡು ಶರಾವತಿ ದಾಟುವಾಗ ಸಿಕ್ಕಿಬಿದ್ದಳು. ಗಂಡ ಸತ್ತವಳು, ನೋಡಿಕೊಳ್ಳುವವರಿಲ್ಲದ ಐದು ವರ್ಷದ ಮಗಳೂ ಅವಳ ಜೊತೆ ಜೈಲಿಗೆ ಬಂದಳು. ಆ ಜೈಲು ನಮ್ಮ ತಾಲೂಕು ಕಚೇರಿಯ ಹಿಂದೆಯೇ ಇತ್ತು. ನಾನಾಗ ಕುಮಟೆಯಿಂದ ಹೊಸದಾಗಿ ವರ್ಗವಾಗಿ ಬಂದ ಕಾರಕೂನ, ನಾಲ್ಕಕ್ಷರ ಇಂಗ್ಲಿಷ್ ಬರುತ್ತದೆಂದು ಬೀಗುತ್ತಿದ್ದವನು.

ತಾಯಿಯ ಪಾಲಿನ ಗಂಜಿಯಲ್ಲೇ ಇಬ್ಬರೂ ಬದುಕಬೇಕಿತ್ತು. ಮಗುವಿಗೆಂದು ಬೇರೆ ಅನ್ನ, ಹಾಲು ಕೊಡಬೇಕಾದರೆ ತಪಾಸಣೆಗೆ ಬರುವ ಸಾಹೇಬರ ಅಪ್ಪಣೆ ಬೇಕು. ಮಗು ಸೊರಗುತ್ತಿರುವುದನ್ನು ಕಿಟಕಿಯಿಂದ ದಿನಾ ನೋಡುತ್ತಿದ್ದೆ. ಸಾಹೇಬರು ಬರಲಿ, ಎಲ್ಲ ಸರಿಹೋಗುತ್ತದೆ ಎಂದುಕೊಳ್ಳುತ್ತಿದ್ದೆ.

ಬಂದರು. ಬೆಳಿಗ್ಗೆಯೇ ಜೈಲಿನವರು ಮಗುವಿನ ತಲೆಗೆ ಎಣ್ಣೆ ಹಚ್ಚಿ, ಯಾರದೋ ಮನೆಯ ಒಗೆದ ಬಟ್ಟೆ ತೊಡಿಸಿ ಅಂಗಳದಲ್ಲಿ ನಿಲ್ಲಿಸಿದ್ದರು. ಬಾಯಿ ಬಿಟ್ಟರೆ ನೋಡು ಎಂದು ಹೆದರಿಸಿ ತಾಯಿಯನ್ನು ಸರಳುಗಳ ಹಿಂದೆಯೇ ಇಟ್ಟಿದ್ದರು. ಸಾಹೇಬರು ಕನ್ನಡ ಬಾರದ ಇಂಗ್ಲಿಷರು. ಕೆಟ್ಟವರೇನಲ್ಲ, ಬಗ್ಗಿ ಮಗುವಿನ ಗಲ್ಲ ಮುಟ್ಟಿದರು. ಇದಕ್ಕೆ ಹೊಟ್ಟೆ ತುಂಬ ಸಿಗುತ್ತದೆಯೇ ಕೇಳು ಎಂದು ನನಗೆ ಹೇಳಿದರು. ಜೈಲಿನ ಜಮಾದಾರ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ. ಕೇಳಬೇಕಾದ್ದನ್ನು ನಾನು ಕೇಳಲಿಲ್ಲ. ದಾರಿಯಲ್ಲಿ ಸಿಕ್ಕವರನ್ನು ಮಾತಾಡಿಸುವ ಹಾಗೆ ಕೇಳಿದೆ.

"ಊಟ ಆತಾ ತಂಗಿ?"

"ಆತು."

ನಮ್ಮ ಕಡೆ ಈ ಮಾತಿಗೆ ಬೇರೆ ಉತ್ತರವೇ ಇಲ್ಲ. ಎರಡು ದಿನ ಒಲೆ ಹೊತ್ತಿಸದವರೂ ಪರರು ಕೇಳಿದರೆ ಆತು ಎಂದೇ ಅನ್ನುತ್ತಾರೆ. ಇಲ್ಲ ಎಂದರೆ ಬೇಡಿದ ಹಾಗೆ. ಅದು ನನಗೆ ಗೊತ್ತು, ಸಾಹೇಬರಿಗೆ ಗೊತ್ತಿಲ್ಲ. ಹೊಟ್ಟೆ ತುಂಬ ಸಿಗುತ್ತದಂತೆ ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಮಗು ಲವಲವಿಕೆಯಿಂದಿದೆ, ಆಹಾರದ ಬಗ್ಗೆ ದೂರಿಲ್ಲ ಎಂದು ಅವರು ಪುಸ್ತಕದಲ್ಲಿ ಷರಾ ಬರೆದರು. ಅದರ ನಕಲು ತೆಗೆದು ಮೇಲಿನ ಕಚೇರಿಗೆ ಕಳಿಸಿದವನೂ ನಾನೇ. ಅಕ್ಷರ ಮುದ್ದಾಗಿದೆ ಎಂದು ಹೊಗಳಿಸಿಕೊಂಡೆ. ಆ ಕೈಗಿಷ್ಟು ಬೆಂಕಿ ಹಾಕ.

ಮಳೆ ಹಿಡಿಯುವ ಮೊದಲೇ ಮಗು ಭೇದಿಯಾಗಿ ಸತ್ತಿತು. ಹೆಣ ಒಯ್ಯುವ ಮುಂಚೆ ತಾಯಿಯ ಹೆಬ್ಬೆಟ್ಟಿನ ಗುರುತು ಬೇಕಿತ್ತು. ಕಾಗದ ಹಿಡಿದು ಹೋದೆ. ಅವಳು ಅಳುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿ, ನನ್ನ ಮುಖ ನೋಡದೆ ಹೇಳಿದಳು: "ನಾನೇ ಹೇಳ್ಕೊಟ್ಟಿದ್ದೆ ಒಡ್ಯಾ, ಯಾರ್ ಕೇಳಿದ್ರೂ ಆತು ಅನ್ಬೇಕು ಅಂತ. ನಂದೇ ತಪ್ಪು."

ತಪ್ಪು ಅವಳದಲ್ಲ ಎನ್ನಲು ಒಂದು ಮಾತು ಸಾಕಿತ್ತು. ಆ ಮಾತನ್ನೂ ನಾನು ಆಡಲಿಲ್ಲ. ಕಾಗದ ಮಡಚಿಕೊಂಡು ಕಚೇರಿಗೆ ಬಂದೆ.