ಅಮ್ಮನ ಲ್ಯಾಪ್‌ಟಾಪು, ತಂಗಿಯ ನಕ್ಷತ್ರ

ನಮ್ಮಮ್ಮನಿಗೆ ಜಾತಕದ ಹುಚ್ಚು. ತ್ಯಾಗರಾಜನಗರದ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ, ಹಳೆಯ ಸಿ.ಡಿ.ಯಿಂದ ಹಾಕಿಸಿಕೊಂಡ ಒಂದು ಪ್ರೋಗ್ರಾಮಿನಲ್ಲಿ ಕುಂಡಲಿ ತೆಗೆದು ಕೊಡುತ್ತಾಳೆ. ಅದು ವಿಂಡೋಸ್‌ನಲ್ಲಿ ಮಾತ್ರ ಓಡುವಂಥದ್ದು. ನಾನೋ ಲಿನಕ್ಸ್ ಭಕ್ತ. ಅವಳ ಲ್ಯಾಪ್‌ಟಾಪು ತೆವಳತೊಡಗಿದ್ದೇ ನೆಪವಾಗಿ ವಿಂಡೋಸ್ ಕಿತ್ತು ಅದಕ್ಕೆ ಲಿನಕ್ಸ್ ಹಾಕಿಬಿಟ್ಟೆ. ರಾಹುಕಾಲ ಕಳೆಯುವವರೆಗೂ ಕಾಯಿಸಿ, ಮುಚ್ಚಳಕ್ಕೆ ಕುಂಕುಮ ಇಟ್ಟ ಮೇಲೆಯೇ ಅಮ್ಮ ನನಗೆ ಅದನ್ನು ಮುಟ್ಟಲು ಬಿಟ್ಟದ್ದು.

ಈಗ ಜಾತಕದ ಪ್ರೋಗ್ರಾಮು ಓಡಬೇಕಲ್ಲ? ಅದಕ್ಕೆ ನಡುವೆ ಒಂದು ಪದರ ಹಾಕಬೇಕು. ಪ್ರೋಗ್ರಾಮು ಏನು ಕೇಳಿದರೂ ಆ ಪದರ ವಿಂಡೋಸ್‌ನ ಗತ್ತಿನಲ್ಲೇ ಉತ್ತರ ಕೊಡುತ್ತದೆ, ಪ್ರೋಗ್ರಾಮು ತನ್ನ ಮನೆಯಲ್ಲೇ ಇದ್ದೇನೆಂದುಕೊಂಡು ಕೆಲಸ ಮಾಡುತ್ತದೆ. ಇದನ್ನೆಲ್ಲ ಅಮ್ಮನಿಗೆ ವಿವರಿಸಿದೆ.

“ಅಂದ್ರೆ ಸುಳ್ಳು ಹೇಳಿ ಕೆಲಸ ಮಾಡಿಸ್ತೀಯ,” ಎಂದಳು.

ಮೊದಲು ತೆಗೆದದ್ದು ತಂಗಿಯ ಜಾತಕ. ಅವಳು ಮೆಚ್ಚಿದ ಹುಡುಗನ ತಾಯಿ ಮಾರನೆಯ ಸಂಜೆ ಹೊಸಕೆರೆಹಳ್ಳಿಯಿಂದ ಬರುವವರಿದ್ದರು, ಜಾತಕ ಕೇಳಿದ್ದರು. ತಂಗಿಯದು ಆಶ್ಲೇಷಾ ನಕ್ಷತ್ರ. ಆ ನಕ್ಷತ್ರದ ಸೊಸೆ ಬಂದರೆ ಅತ್ತೆಗೆ ಕಂಟಕ ಎಂಬ ಮಾತಿಗೆ ಹೆದರಿ ಹಿಂದೆ ಬಂದ ಸಂಬಂಧಗಳೆಲ್ಲ ಬಾಗಿಲಿಂದಲೇ ವಾಪಸಾಗಿದ್ದವು. ಅವು ಹೋದದ್ದಕ್ಕೆ ತಂಗಿ ತಲೆ ಕೆಡಿಸಿಕೊಂಡಿರಲಿಲ್ಲ. ಈ ಸಲ ಮಾತ್ರ ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ಪ್ರಿಂಟ್ ಬಂತು. ಅದರಲ್ಲಿ ನಕ್ಷತ್ರ ಮಖಾ ಎಂದಿತ್ತು. ಅಮ್ಮ ಪ್ರಿಂಟರ್‌ಗೇ ಕೈಮುಗಿದಳು.

ನನಗೆ ಅನುಮಾನ ಬಂದು ಕೆದಕಿ ನೋಡಿದೆ. ನನ್ನ ಪದರ ನಮ್ಮೂರಿನ ಗಡಿಯಾರದ ಬದಲು ಇಂಗ್ಲೆಂಡಿನ ಗಡಿಯಾರ ತೋರಿಸಿತ್ತು. ಲೆಕ್ಕದಲ್ಲಿ ತಂಗಿ ಐದೂವರೆ ಗಂಟೆ ತಡವಾಗಿ ಹುಟ್ಟಿದ್ದಳು. ಅಷ್ಟರಲ್ಲಿ ಚಂದ್ರ ಎದ್ದು ಪಕ್ಕದ ನಕ್ಷತ್ರಕ್ಕೆ ಹೋಗಿದ್ದ. ವಿಷಯ ಹೇಳಿದೆ.

“ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ,” ಎಂದಳು ಅಮ್ಮ. “ಇದು ಒಂದೇ ಒಂದು. ಅದೂ ನಾವು ಹೇಳಿದ್ದಲ್ಲ, ಕಂಪ್ಯೂಟರ್ ಹೇಳಿದ್ದು.”

ತಂಗಿ ಒಪ್ಪಲಿಲ್ಲ. “ಸರಿ ಮಾಡು ಅಣ್ಣ. ಆಮೇಲೆ ಅತ್ತೆ ಕೆಮ್ಮಿದಾಗೆಲ್ಲ ನಾನು ಹೆದರ್ಕೊಂಡು ಕೂರಕ್ಕಾಗಲ್ಲ.”

ಗಡಿಯಾರ ಸರಿಪಡಿಸಿದೆ. ಆಶ್ಲೇಷಾ ಮರಳಿ ಬಂದು ವಕ್ಕರಿಸಿತು.

ಮರುದಿನ ಹುಡುಗನ ತಾಯಿ ನಮ್ಮ ಎರಡನೇ ಮಹಡಿಗೆ ಏದುಸಿರು ಬಿಡುತ್ತ ಒಬ್ಬರೇ ಹತ್ತಿ ಬಂದರು. ಅಮ್ಮ ಕೇಸರಿಬಾತಿನ ಜೊತೆ ಜಾತಕ ಕೊಟ್ಟಳು. ಅವರು ಓದಿ, ಮಡಿಸಿ, ಕೇಸರಿಬಾತಿಗೆ ಚಮಚ ಹಾಕಿದರು.

“ಆಶ್ಲೇಷಾನಾ? ನಂದೂ ಅದೇ ರೀ.”

ಅಮ್ಮ ಸಂತಾಪಕ್ಕೆ ಸಿದ್ಧವಾದ ಮುಖದಲ್ಲಿ, ಮೆಲ್ಲಗೆ ಕೇಳಿದಳು: “ಹಾಗಾದ್ರೆ... ನಿಮ್ಮತ್ತೆ?”

ಅಷ್ಟರಲ್ಲಿ ಕೆಳಗೆ ಬೀದಿಯಲ್ಲಿ ಕಾರಿನ ಹಾರನ್ ಒಂದೇ ಸಮನೆ ಬಡಿದುಕೊಳ್ಳತೊಡಗಿತು.

“ಅವರೇ ಒತ್ತುತ್ತಿರೋದು,” ಎಂದರು ಆಕೆ. “ತೊಂಬತ್ತಾಯ್ತು, ಮೆಟ್ಟಿಲು ಹತ್ತಕ್ಕಾಗಲ್ಲ. ಜಾತಕ ಗೀತಕ ಆಮೇಲೆ, ಮೊದ್ಲು ಹುಡುಗೀನ ಕೆಳಗೆ ಕಳಿಸು ಅಂತಿದಾರೆ.”

ತಂಗಿ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.