ಮೊದಲ ಮುದ್ದೆ ಅಡುಗೆಯವನಿಗೆ

ಹೊಟ್ಟೆಯ ಬಗ್ಗೆ ಭಾಷಣ ಬಿಗಿಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಬಟವಾಡಿಯಲ್ಲಿ ನನ್ನ ಮುದ್ದೆ ಮೆಸ್ಸಿನ ಮುಂದೆ ಅಂಥವರು ದಿನಾ ಓಡಾಡುತ್ತಾರೆ. ಬೆಳಿಗ್ಗೆ ಬಿಸ್ಕತ್ತು, ಮಧ್ಯಾಹ್ನ ಮೈದಾ, ಆಮೇಲೆ ಕರುಳು ತೊಳೆಯುವುದಕ್ಕೊಂದು ಡಬ್ಬಿ ಪುಡಿ. ಕರುಳೇನು ತಾರಸಿ ಮೇಲಿನ ಟ್ಯಾಂಕೇ, ಪುಡಿ ಹಾಕಿ ಉಜ್ಜುವುದಕ್ಕೆ?

ನಾನು ಓದಿದ್ದು ಏಳನೇ ಕ್ಲಾಸು. ಮಾರ್ಕೋನಹಳ್ಳಿ ಕಡೆಯಿಂದ ಬಂದು, ಕಂಡವರ ಹೋಟೆಲಿನಲ್ಲಿ ಪಾತ್ರೆ ತೊಳೆದು, ಕೋಲು ಹಿಡಿದು ಮುದ್ದೆ ತಿರುವಿ, ಸ್ವಂತ ಮೆಸ್ಸು ಇಟ್ಟವನು. ಕುಣಿಗಲ್ ಸೀಮೆಯ ರಾಗಿ ಬಿಟ್ಟು ಬೇರೆ ಮುಟ್ಟಿಲ್ಲ. ನನ್ನಲ್ಲೊಂದು ಪದ್ಧತಿ ಇದೆ: ಪಾತ್ರೆ ಇಳಿಸಿದ ಕೂಡಲೇ ಮೊದಲ ಮುದ್ದೆಯನ್ನು ಗಿರಾಕಿಗಳ ಎದುರಿಗೇ ನಾನು ನುಂಗಬೇಕು. ಗಂಟಿದ್ದರೂ ಹಸಿಯಿದ್ದರೂ ಮೊದಲು ನನ್ನ ಹೊಟ್ಟೆಗೆ ಗೊತ್ತಾಗಲಿ ಎಂದು. ನುಂಗಿ ಹೇಳುತ್ತಿದ್ದೆ: "ಮುದ್ದೆ ತಿನ್ನೋನಿಗೆ ಡಾಕ್ಟ್ರು ಬೇಡ ಕಣ್ರಯ್ಯಾ."

ಅಂಥವನಿಗೆ ಕಕ್ಕಸಿನಲ್ಲಿ ರಕ್ತ ಹೋಗಲು ಶುರುವಾಯಿತು. ಉಷ್ಣ ಎಂದುಕೊಂಡೆ. ನಮ್ಮ ಕಡೆ ಕಣ್ಣುರಿಯಿಂದ ಹಿಡಿದು ಕಾಲೊಡಕಿನವರೆಗೆ ಎಲ್ಲವೂ ಉಷ್ಣವೇ. ಒಲೆ ಮುಂದೆ ನಿಲ್ಲುವವನಿಗೆ ಇನ್ನೇನಾದೀತು? ಮಜ್ಜಿಗೆ ಕುಡಿದೆ, ಕಾಮಕಸ್ತೂರಿ ಬೀಜ ನೆನೆಸಿ ಕುಡಿದೆ, ನೆತ್ತಿಗೆ ಹರಳೆಣ್ಣೆ ತಟ್ಟಿದೆ. ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ರೋಗದವನು ಕಟ್ಟಿದ ಮುದ್ದೆಯನ್ನು ಯಾರು ತಿನ್ನುತ್ತಾರೆ?

ಕೊನೆಗೆ ಹೆಂಡತಿಗೆ ಗೊತ್ತಾಯಿತು. "ಊರೋರ್ ಹೊಟ್ಟೆಗೆಲ್ಲ ಬುದ್ಧಿ ಹೇಳ್ತೀಯ, ನಿನ್ ಹೊಟ್ಟೆದು ಗುಟ್ಟಾ? ನಡಿ ಮೊದ್ಲು" ಎಂದು ಕ್ಲಿನಿಕ್ಕಿಗೆ ಎಳೆದುಕೊಂಡು ಹೋದಳು.

ಡಾಕ್ಟರು ಎಳೆಯ ಹುಡುಗ. ನನ್ನ ಮುದ್ದೆ ಕೋಲನ್ನು ಎತ್ತುವುದಕ್ಕೂ ಆಗದ ಕೈ. "ದೊಡ್ಡ ಕರುಳು ಅಂದ್ರೆ ಕಸದ ತೊಟ್ಟಿ ಅಂದ್ಕೊಂಡಿದೀರಾ? ನೀರು ಹೀರ್ಕೊಂಡು ಮೈಗೆ ಕೊಡೋದೇ ಅದು. ಅಲ್ಲಿ ಗಡ್ಡೆ ಇದ್ದು ಹಂಗೇ ಬಿಟ್ರೆ ಕ್ಯಾನ್ಸರ್ ಆಗ್ಬೋದು. ಕ್ಯಾಮೆರಾ ಬಿಟ್ಟು ನೋಡ್ಬೇಕು" ಎಂದ. ಕರುಳು ಖಾಲಿಯಿರಬೇಕು, ಅದಕ್ಕೆ ಹಿಂದಿನ ದಿನ ರಾಗಿ, ಸೊಪ್ಪು, ಬೀಜ ಏನೂ ಕೂಡದು. ತಿಳಿಗಂಜಿ, ಎಳನೀರು, ಸಂಜೆ ಭೇದಿಯ ಔಷಧಿ, ಅಷ್ಟೇ.

ಆ ಹಿಂದಿನ ದಿನ ಮಧ್ಯಾಹ್ನ ಪಾತ್ರೆ ಇಳಿಸಿ ಸುಮ್ಮನೆ ಬಡಿಸಲು ಹೊರಟೆ. ಮೂಲೆಯಲ್ಲಿ ಗುಬ್ಬಿಯ ಕೊಬ್ಬರಿ ವ್ಯಾಪಾರಿ ಕೂತಿದ್ದ. ನನ್ನ ಹಳೆಯ ಗಿರಾಕಿ. ಬಾಯಿ ಮಾತ್ರ ಕೊಬ್ಬರಿ ಸುಲಿಯುವ ಕತ್ತಿ.

"ಏನಯ್ಯಾ, ಇವತ್ತು ನಿನ್ ಮುದ್ದೆ ಎಲ್ಲಿ? ರಾಗಿಗೆ ಹುಳ ಬಿದ್ದದೋ?"

ಎಲ್ಲ ತಲೆಗಳೂ ನನ್ನ ಕಡೆ ತಿರುಗಿದವು. ಸೊಪ್ಪಿನ ಸಾರು ಸುರಿದುಕೊಂಡು ಇಡೀ ಮುದ್ದೆ ನುಂಗಿಬಿಟ್ಟೆ.

ಮರುದಿನ ಡಾಕ್ಟರು ಪರದೆಯ ಮೇಲೆ ತೋರಿಸಿದ. ಕಪ್ಪು ಕೆಸರು, ನಡುವೆ ದಂಟಿನ ಸೊಪ್ಪಿನ ನಾರು.

"ಇದು ಕರುಳೋ ರಾಗಿ ಕಣವೋ? ಏನ್ ತಿಂದ್ರಿ?"

"ಬರೀ ಗಂಜಿ ಸಾ" ಎಂದೆ.

ಹೊರಗೆ ಬಂದ ಮೇಲೆ ಹೆಂಡತಿ ಉಗಿದಳು: "ಡಾಕ್ಟ್ರಿಗೆ ಸುಳ್ ಹೇಳ್ಬೋದು ಕಣೋ, ಕ್ಯಾಮೆರಾಗೆ ಹೇಳಕ್ಕಾಗ್ತದಾ?"

ಕ್ಯಾಮೆರಾ ಬಿಡುವುದು ಒಂದು ವಾರ ಮುಂದಕ್ಕೆ ಹೋಯಿತು. ಪುಡಿ ಡಬ್ಬಿಯವರನ್ನು ನೋಡಿ ನಗುತ್ತಿದ್ದ ನಾನು ಒಂದು ಮುದ್ದೆಯ ಮರ್ಯಾದೆಗೆ ಪ್ರಾಣವನ್ನು ಇನ್ನೊಂದು ವಾರ ಅಡ ಇಟ್ಟಿದ್ದೆ. ನನಗಿಂತ ದೊಡ್ಡ ದಡ್ಡ ಬಟವಾಡಿಯಲ್ಲಿ ಯಾರಿದ್ದ?

ಎರಡನೇ ಸಲ ಕ್ಯಾಮೆರಾ ಬಿಡುವ ಹಿಂದಿನ ದಿನ ಪಾತ್ರೆ ಇಳಿಸಿ ಮೊದಲ ಮುದ್ದೆಯನ್ನು ಹೆಂಡತಿಯ ತಟ್ಟೆಗೆ ಹಾಕಿದೆ. ಗುಬ್ಬಿಯವನು ಬಿಟ್ಟಾನೆಯೇ?

"ಏನ್ಲೇ, ಹೆಂಡ್ತಿ ಮೇಲೆ ಪ್ರಯೋಗ ಮಾಡ್ತಿದೀಯ?"

ಕೋಲನ್ನು ಪಾತ್ರೆಗೆ ಕುಟ್ಟಿದೆ. "ರಕ್ತ ಹೋಗ್ತಾ ಅದೆ ಕಣಯ್ಯಾ. ನಾಳೆ ದೊಡ್ಡ ಕರುಳಿಗೆ ಕ್ಯಾಮೆರಾ ಬಿಡ್ತಾರೆ. ತಿನ್ನೋನು ತಿನ್ನು, ಎದ್ದೋಗೋನು ಎದ್ದೋಗು."

ಬಿಳಿ ಷರ್ಟಿನವರಿಬ್ಬರು ಎದ್ದು ಹೋದರು, ಹೋಗಲಿ ದರಿದ್ರ. ಒಬ್ಬ "ಅದು ಉಷ್ಣ ಬುಡು" ಎಂದ. ಗುಬ್ಬಿಯವನು ಮಾತ್ರ ತಲೆ ಎತ್ತದೆ ಉಂಡ. ಕೈ ತೊಳೆದು ಒಲೆಯ ಹತ್ತಿರ ಬಂದು, ಒರಟು ದನಿ ತಗ್ಗಿಸಿ ಕೇಳಿದ: "ಅದ್ಯಾವ್ ಡಾಕ್ಟ್ರು? ನಂಗೂ ವರ್ಷದಿಂದ ಹೋಗ್ತಾ ಅದೆ."

ವರ್ಷದಿಂದ! ಅಷ್ಟು ದಿನವೂ ನನ್ನ ಮೆಸ್ಸಿನಲ್ಲಿ ಕೂತು ನನ್ನ ಮುದ್ದೆಯನ್ನು ಅಣಕಿಸುತ್ತಿದ್ದ.

ಮರುದಿನ ನೋಡಿದರೆ ನನಗೆ ಹುಣಸೆಬೀಜದಷ್ಟು ಗಡ್ಡೆ ಇತ್ತು. ಆ ಹುಡುಗ ಡಾಕ್ಟರು ಅಲ್ಲೇ ಕತ್ತರಿಸಿ ತೆಗೆದ. ಪರೀಕ್ಷೆಗೆ ಹೋಗಿ ಬಂತು, ಇನ್ನೂ ಕ್ಯಾನ್ಸರಿಗೆ ತಿರುಗಿರಲಿಲ್ಲ. ಕೈ ಸಣ್ಣದಾದರೂ ಕೆಲಸಗಾರ, ಒಪ್ಪಿದೆ.

ಗುಬ್ಬಿಯವನ ಸರದಿ ಬಂದಾಗ ಹಿಂದಿನ ದಿನ ಅವನನ್ನು ನನ್ನ ಮೆಸ್ಸಿನಲ್ಲೇ ಕೂರಿಸಿಕೊಂಡೆ. ಅವನ ಬುದ್ಧಿಯ ಮೇಲೆ ನನಗೆ ನಂಬಿಕೆ ಇರಲಿಲ್ಲ, ನನ್ನದನ್ನು ನೋಡಿದ್ದೆನಲ್ಲ. ಸುತ್ತಲೂ ಬಿಸಿ ಮುದ್ದೆ ಮುರಿಯುತ್ತಿದ್ದರು. ಅವನ ಮುಂದೆ ಒಂದು ಲೋಟ ತಿಳಿಗಂಜಿ.

"ಒಂದ್ ಅರ್ಧ ಮುದ್ದೆ..." ಎಂದ.

"ತೆಪ್ಪಗೆ ಕುಡಿ" ಎಂದೆ.